ಒಣಮೀನಿನಕ್ಕ ತಂದ ಹಗ್ಗ

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಉಪ್ಪು ಹಾಕಿ ಮೀನು ಉಜ್ಜಿ ಉಜ್ಜಿ ಕಪ್ಪಾಗಿ, ದಪ್ಪವಾಗಿ, ಹಳೆಯ ಹಂಚಿನ ಚೂರಿನ ಹಾಗೆ ಕಾಣುತ್ತಿತ್ತು. ನನ್ನ ಗಂಡನ ಹನ್ನೆರಡನೆಯ ದಿನದ ಬೊಜ್ಜ ಮುಗಿದ ಮರುದಿನ ಯಾರೂ ಕರೆಯದೆ ನಮ್ಮ ಮನೆಗೆ ಬಂದವಳು, ಜಗಲಿ ಹತ್ತಿ, ನನ್ನ ಮುಖ ನೋಡುವ ಮೊದಲು ಗೋಡೆಯ ಬುಡ ನೋಡಿದಳು. ಕುಕ್ಕರಗಾಲಿನಲ್ಲಿ ಕೂತು ಆ ಉಗುರಿನಿಂದ ಗಾರೆ ಕೆರೆದಳು. ಉದುರಿದ ಪುಡಿಯನ್ನು ನಾಲಿಗೆಯ ತುದಿಗೆ ಇಟ್ಟುಕೊಂಡಳು.

"ಕಡಲ್ ಹೊಯ್ಗಿ," ಎಂದಳು. "ಗಾರಿಗ್ ಕಡಲ್ ಮರ್ಳ್ ಹಾಕಿ ಕಟ್ಟಿದವ್ರ್ ನಿನ್ ಗಂಡನ್ ಮಂಡೆ ಬೋಳ್ಸಿರ್ ಮಾರಾಯ್ತಿ. ಗೋಡಿ ಉಪ್ಪಿತ್ತ್."

ಹದಿಮೂರು ದಿನದಿಂದ ಬಂದವರೆಲ್ಲ ನನ್ನ ಕೈ ಹಿಡಿದು ಅತ್ತಿದ್ದರು. ಇವಳು ಗೋಡೆ ನೆಕ್ಕಿದಳು. ನನಗೆ ಸಿಟ್ಟು ಬಂತು. ಆದರೆ ಗಂಡ ಸತ್ತಮೇಲೆ ಉಪಯೋಗಕ್ಕೆ ಬಂದ ಮೊದಲನೆಯ ಮಾತು ಅದೇ.

ಮನೆ ತ್ರಾಸಿಯ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ನನ್ನ ಗಂಡ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಊರಿಗೆ ಬಂದು, ಮೂರು ಭಾಗ ಮಾಡಿ ಕಟ್ಟಿಸಿದ್ದರು. ಒಂದರಲ್ಲಿ ನಾವು, ಎರಡು ಬಾಡಿಗೆಗೆ ಎಂದು ಲೆಕ್ಕ. ಜಾಗ ಇಳಿಜಾರು. ಮುಂದಿನ ಭಾಗ ಮಾತ್ರ ರಸ್ತೆಗೆ ಸಮ, ಬಾಗಿಲಿನ ತನಕ ರಿಕ್ಷಾ ಬರುತ್ತದೆ. ನಡುವಿನ ಭಾಗಕ್ಕೂ ನಾನಿರುವ ಹಿಂದಿನ ಭಾಗಕ್ಕೂ ಕೆಂಪುಕಲ್ಲಿನ ಮೆಟ್ಟಿಲು ಇಳಿಯಬೇಕು. ಎಂಟು ಮೆಟ್ಟಿಲು, ಕಡಿದಾಗಿ. ಮನೆ ಮುಗಿದು ಎರಡು ವರ್ಷಕ್ಕೆ, ತೊಂಬತ್ತೇಳರ ಮಳೆಗಾಲದಲ್ಲಿ, ಅವರು ಹೋದರು. ಮಗಳ ಮದುವೆ ಆಗಿತ್ತು, ಅವಳು ಬಿಜೂರಿನಲ್ಲಿದ್ದಳು.

"ನಿನಗೇನು, ಬಾಡಿಗೆ ಬರುತ್ತದೆ, ಕೂತು ಉಣ್ಣಬಹುದು" ಎಂದು ನೆಂಟರು ಹೇಳಿಹೋದರು. ಹೇಳಿದವರಲ್ಲಿ ಒಬ್ಬರೂ ಒಂದು ಕೋಣೆಯನ್ನೂ ಬಾಡಿಗೆಗೆ ಕೊಟ್ಟವರಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಬಚ್ಚಲ ಕೊಳವೆ ಕಟ್ಟಿದೆ. ಮಧ್ಯಾಹ್ನ ಊಟಕ್ಕೆ ಕೂತರೆ ಬಾವಿಯ ರಾಟೆ ಕಿರುಗುಟ್ಟುತ್ತದೆ, ಎಣ್ಣೆ ಬಿಡುವವರು ಯಾರು ಎಂದು ಜಗಳ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆ ಒಡತಿ ಆಗುವುದು ಹೇಗೆಂದು ನನಗೆ ಯಾರು ಕಲಿಸಿದ್ದರು? ಕಲಿಸಿದ್ದು ಇವಳು. ಅದೂ ಕೇಳದೆ, ಬೈದು.

ಊರಿನವರೆಲ್ಲ ಅವಳನ್ನು ಒಣಮೀನಿನಕ್ಕ ಎನ್ನುತ್ತಿದ್ದರು. ನಮ್ಮ ಮನೆಯಿಂದ ಕಡಲ ಕಡೆಗೆ ನಾಲ್ಕು ಹಿತ್ತಿಲು ದಾಟಿದರೆ ಅವಳ ಮನೆ, ಅದರ ಪಕ್ಕ ಐದು ಕೋಣೆಗಳ ಲೈನ್ ಮನೆ. ಮಕ್ಕಳಿರಲಿಲ್ಲ, ಗಂಡ ಬೇಗ ಹೋಗಿದ್ದ. ಬುಟ್ಟಿ ಹೊತ್ತು ಶನಿವಾರ ಕುಂದಾಪುರದ ಸಂತೆಗೆ, ಉಳಿದ ದಿನ ಮನೆ ಮನೆಗೆ ಹೋಗಿ ಒಣಮೀನು ಮಾರಿ, ಒಂದೊಂದು ಕೋಣೆಯನ್ನು ನಾಲ್ಕೈದು ವರ್ಷಕ್ಕೊಮ್ಮೆ ಕಟ್ಟಿಸಿದ್ದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವಳು ಬಂದರೆ ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಮಾತು, ಕಡೆಗೆ ಅವಳು.

"ಗೋಡಿಗೆ ಈಗ ಎಂತ ಮಾಡೂದ್ ಅಕ್ಕ?" ಎಂದು ಆ ದಿನ ಕೇಳಿದೆ.

"ಎಂತ ಮಾಡೂದ್? ವರ್ಷಕ್ಕೊಂದ್ಸಲ ಕೆರ್ದ್ ಸುಣ್ಣ ಹೊಡಿ. ಬಾಡ್ಗಿಗ್ ಬಪ್ಪವ್ರಿಗೆ ಮೊದ್ಲೇ ಹೇಳ್, ಗೋಡಿಗ್ ಕಪಾಟ್ ತಾಗ್ಸಿ ಇಡೂಕಾಗ ಅಂದೇಳಿ. ಹೇಳ್ದೆ ಇದ್ರೆ ಹಾಳಾಪ್ದ್ ಅವ್ರ ಸೀರಿ, ಬೈಗುಳ ನಿಂಗೆ."

ಮನೆಯ ಕುಂದನ್ನು ಮೊದಲೇ ಹೇಳಿಬಿಡು ಎನ್ನುವುದು ಅವಳ ಮೊದಲನೆಯ ಪಾಠ. ಮುಚ್ಚಿಟ್ಟರೆ ಮಳೆಗಾಲ ಹೇಳುತ್ತದೆ. ಬೇಸಗೆ ಮುಗಿಯುವ ಮೊದಲು ಮಾಡಿಗೆ ಆಳು ಹತ್ತಿಸಿ ಹಂಚು ಕೈಯಾಡಿಸಿ ಸರಿಮಾಡಿಸಬೇಕು, ಸೋರಿದ ಮೇಲೆ ಹತ್ತಿಸಿದರೆ ಒಡೆಯುವ ಹಂಚೇ ಹೆಚ್ಚು. ಬಾಡಿಗೆಯವರ ಮನೆಗೆ ಊಟದ ಹೊತ್ತಿಗೆ ಹೋಗಬಾರದು. ಹೋದರೂ ಜಗಲಿ ದಾಟಬಾರದು. ಇನ್ನೊಂದು ಬೀಗದಕೈ ನಮ್ಮ ಹತ್ತಿರ ಇರಬೇಕು, ಅವರು ಇಲ್ಲದಾಗ ಅದನ್ನು ಮುಟ್ಟಬಾರದು. ಹನ್ನೊಂದು ತಿಂಗಳ ಕರಾರು ಕಾಗದ ಮಾಡಿಸಲೇಬೇಕು.

"ನಂಗೆ ಸಮ ಓದೂಕ್ ಬತ್ತಿಲ್ಲೆ ಅಕ್ಕ," ಎಂದೆ.

"ನಂಗೆ ಒಂದಕ್ಷರವೂ ಬತ್ತಿಲ್ಲೆ. ಹೆಬ್ಬೆಟ್ಟ್ ಬತ್ತ್," ಎಂದು ಆ ಸೀಳು ಉಗುರು ತೋರಿಸಿದಳು. "ನಾಕ್ ಕೋಣಿಗೂ ಕಾಗ್ದ ಮಾಡ್ಸಿದ್ದೆ, ಈ ಹೆಬ್ಬೆಟ್ಟಗೇ."

ನನ್ನ ನಡುವಿನ ಭಾಗಕ್ಕೆ ಮೊದಲು ಬಂದ ಹುಡುಗಿ ನನ್ನನ್ನು ಅಮ್ಮ ಎಂದು ಕರೆಯುತ್ತಿದ್ದಳು. ಅದನ್ನು ಕೇಳಿದ ದಿನ ಇವಳು ನನ್ನನ್ನು ಬಾವಿಕಟ್ಟೆಯ ಹತ್ತಿರ ಎಳೆದಳು.

"ಅಮ್ಮ ಅಂದೇಳಿ ಕರ್ಸ್ಕಂಬುದ್ ಬ್ಯಾಡ ಹೆಣೆ. ಅಬ್ಬಿಯಾದವ್ಳಿಗ್ ನಾಳಿಗೆ ಮಕ್ಕಳನ್ನ ಮನಿಂದ ಏಳ್ಸೂಕಾತ್ತಾ?"

"ಹಾಂಗಾರೆ ಎಂತ ಅಂದೇಳಿ ಕರೀಕ್?"

"ಹ್ವಾಯ್ ಅಂದ್ರೆ ಸಾಕ್."

ಮಾತಿಗೆ ಮಾತು ಕೂಡಿಸಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳು ಹೇಳಿದ್ದು ಸರಿ ಎಂದು ಗೊತ್ತಾಗುವ ಹೊತ್ತಿಗೆ ನಾನು ಅದಕ್ಕೆ ಉಲ್ಟಾ ಮಾಡಿ ಆಗಿರುತ್ತಿತ್ತು. ಅವಳು ಮತ್ತೆ "ಹೇಳಿದ್ನಲ್ಲೆ" ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು, ನಾನೂ ಎರಡು ಮಾತು ಆಡುತ್ತಿದ್ದೆ.

ಮುಂದಿನ ಭಾಗಕ್ಕೆ ದರ್ಜಿ ಕೇಳಿಕೊಂಡು ಬಂದದ್ದು ಮೂರು ವರ್ಷದ ಮೇಲೆ. ಅಮಾಸೆಬೈಲಿನ ಕಡೆಯವನು, ಹೆದ್ದಾರಿ ಬದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ. ಹೆಂಡತಿ, ಮುದಿ ತಾಯಿ, ಮೂರು ಜನ. ಕೊರಳಿಗೆ ಟೇಪು ಹಾಕಿಕೊಂಡೇ ಬಂದು ಕೈಮುಗಿದು ನಿಂತಿದ್ದ. ನಾನು ಆಗಲೇ ಹೂಂ ಎನ್ನುವವಳು.

"ಮನಿ ಕಾಂಬುಕ್ ಬಂದವ್ರೆಲ್ಲ ಒಳ್ಳೆಯವ್ರೇ," ಎಂದಳು ಒಣಮೀನಿನಕ್ಕ. "ನೀನ್ ಅವ್ರ ಮನಿ ಕಾಂಬುಕ್ ಹೋಯ್ಕ್."

ಮರುದಿನ ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ನನ್ನನ್ನು ದರ್ಜಿ ಆಗ ಇದ್ದ ಬಾಡಿಗೆ ಮನೆಗೆ ಕರೆದುಕೊಂಡು ಹೋದಳು. ಒಳಗೆ ಕಾಲಿಡಲಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲು ನೋಡಿದಳು, ಪಾತ್ರೆ ಕವುಚಿ ಹಾಕಿದ್ದನ್ನು ನೋಡಿದಳು, ಪಕ್ಕದ ಮನೆಯವಳಿಗೆ ಬಂಗುಡೆ ಮಾರುವ ನೆವದಲ್ಲಿ ಅರ್ಧ ಗಂಟೆ ಮಾತಾಡಿದಳು. ವಾಪಸು ಬರುವಾಗ ಹೇಳಿದಳು, "ಜನ ಒಳ್ಳೇದೇ. ಅದೇ ಕಷ್ಟ."

"ಎಂತ ಕಷ್ಟ?"

"ಕೆಟ್ಟವ್ನ್ ಆರೆ ಬೈದ್ ಏಳ್ಸ್ಲಕ್ಕ್. ಒಳ್ಳೆಯವ್ನನ್ನ ಎಂತ ಹೇಳಿ ಏಳ್ಸೂದ್? ಕೊಡ್, ಆರೆ ಒಂದ್ ಮಾತ್. ಮಣ್ಣಿಗ್ ಎಂತದೂ ಹಾಕೂಕ್ ಬಿಡ್ಬ್ಯಾಡ. ಗಿಡ ನೆಟ್ಟವ್ನ್ ಬೇರ್ ಬಿಡ್ತ."

ನಾನು ತೆಂಗಿನ ಸಸಿಯ ಮಾತು ಎಂದುಕೊಂಡೆ. ನಮ್ಮ ಕಡೆ ಒಕ್ಕಲು ಕೂತವರೇ ಒಡೆಯರಾದ ಕಥೆ ಎಲ್ಲರಿಗೂ ಗೊತ್ತು. ಹಾಗಾಗಿ ದರ್ಜಿ ಬಂದಾಗ ಗಟ್ಟಿಯಾಗಿ ಹೇಳಿದೆ, ತೆಂಗು ಬೇಡ, ಬಾಳೆ ಬೇಡ. ಅವನ ಹೆಂಡತಿ ಬಸಳೆ ಚಪ್ಪರ ಹಾಕುತ್ತೇನೆಂದಾಗಲೂ ಬೇಡ ಎಂದೆ. ನನ್ನ ಬಗ್ಗೆ ನನಗೇ ಹೆಮ್ಮೆ ಆಯಿತು.

ಆ ಕಾರ್ತಿಕದಲ್ಲಿ, ತುಳಸಿ ಪೂಜೆಗೆ ನಾಲ್ಕು ದಿನ ಇರುವಾಗ, ದರ್ಜಿಯ ತಾಯಿ ಮೆಟ್ಟಿಲು ಇಳಿದು ನನ್ನ ಹತ್ತಿರ ಬಂದಳು. ಊರಿನಿಂದ ತಂದ ತುಳಸಿ ಅವರ ಅಂಗಳದಲ್ಲಿ ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿತ್ತು.

"ಡಬ್ಬದಾಗೆ ದೇವ್ರನ್ನ ಇಟ್ಕಂಡ್ ಪೂಜಿ ಮಾಡೂಕ್ ಮನ್ಸ್ ಒಪ್ಪುದಿಲ್ಲೆ ಅಮ್ಮ. ನಾಕ್ ಕಲ್ಲ್ ಅಷ್ಟೇ," ಎಂದಳು.

ತುಳಸಿಗೆ ಬೇಡ ಎನ್ನುವ ಬಾಯಿ ಯಾರಿಗಿದೆ? ಹೂಂ ಎಂದು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಬಚ್ಚಲು ರಿಪೇರಿಗೆ ತಂದು ಉಳಿದಿದ್ದ ಅರ್ಧ ಚೀಲ ಸಿಮೆಂಟನ್ನೂ ನನ್ನ ಕೈಯಾರೆ ಕೊಟ್ಟೆ. ಮುಂದಿನ ಅಂಗಳದ ನಟ್ಟನಡುವೆ ಸೊಂಟದೆತ್ತರದ ಕಟ್ಟೆ ಎದ್ದಿತು, ನಾಲ್ಕು ಮೂಲೆಗೆ ದೀಪದ ಗೂಡು ಸಮೇತ. ಒಣಮೀನಿನಕ್ಕ ಬಂದು ಗೇಟಿನ ಹತ್ತಿರ ನಿಂತು ನೋಡಿದಳು. ಬಾಯಿಯ ಎಲೆಅಡಿಕೆ ಆಚೆ ಉಗಿದಳು.

"ಮುಗೀತ್," ಎಂದಳು. ಮತ್ತೆ ಆರು ವರ್ಷ ಆ ಸುದ್ದಿ ಎತ್ತಲಿಲ್ಲ.

ಆರು ವರ್ಷ ದರ್ಜಿಯಿಂದ ಒಂದು ತಕರಾರು ಇರಲಿಲ್ಲ. ಒಂದನೇ ತಾರೀಕು ತಪ್ಪಿದ್ದಿಲ್ಲ. ಹಂಚು ಸೋರಿದರೆ ತಾನೇ ಹತ್ತಿ ಸರಿ ಮಾಡುತ್ತಿದ್ದ, ನನಗೆ ಹೇಳುತ್ತಿರಲಿಲ್ಲ. ನಾನು ಅದನ್ನು ಹೊಗಳಿದರೆ ಒಣಮೀನಿನಕ್ಕ ತಲೆ ಆಡಿಸುತ್ತಿದ್ದಳು. "ದೂರ್ ಹೇಳುವವ್ನ್ ನಿನ್ ಮನಿ ಅಂದೇಳಿ ಹೇಳ್ತ. ಎಂತದೂ ಹೇಳ್ದೆ ಇಪ್ಪವ್ನ್ ತನ್ ಮನಿ ಅಂದೇಳಿ ಮಾಡ್ಕಂಡ."

ಆಮೇಲೆ ನನ್ನ ಅಳಿಯ ಬಿಜೂರಿನಲ್ಲಿ ತೆಂಗಿನಮರದಿಂದ ಬಿದ್ದ. ಶಿವರಾತ್ರಿ ಕಳೆದು ಎರಡು ದಿನಕ್ಕೆ. ಸೊಂಟಕ್ಕೆ ಆಪರೇಶನ್ ಆಯಿತು, ಜೀವ ಉಳಿಯಿತು, ಕಾಲು ಏಳಲಿಲ್ಲ. ದಿನ ಬಿಟ್ಟು ದಿನ ಕುಂದಾಪುರಕ್ಕೆ ಕರೆತಂದು ಕಾಲಿಗೆ ವ್ಯಾಯಾಮ ಮಾಡಿಸಬೇಕು, ಮೂರು ತಿಂಗಳು ಬಿಟ್ಟರೆ ಮತ್ತೆ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಅವರ ಮನೆ ಗದ್ದೆಯ ನಡುವೆ. ಅವನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಗದ್ದೆಯಂಚಿನಲ್ಲಿ ಹೊತ್ತು ರಸ್ತೆಗೆ ತರಬೇಕಿತ್ತು. ಬೇಸಗೆಯಲ್ಲಿ ಹೇಗೋ ನಡೆಯುತ್ತಿತ್ತು. ಮಳೆ ಹಿಡಿದರೆ ಆ ಅಂಚಿನಲ್ಲಿ ಒಬ್ಬನೇ ನಡೆಯುವುದು ಕಷ್ಟ. ಮಗಳು ಫೋನಿನಲ್ಲಿ ಅಳುತ್ತಿರಲಿಲ್ಲ. "ಅಮ್ಮ, ಮಳಿಗ್ ಮೊದ್ಲ್ ಎಂತಾದ್ರೂ ಮಾಡ್," ಎಂದಷ್ಟೇ ಹೇಳಿ ಇಡುತ್ತಿದ್ದಳು.

ನನ್ನ ಮನೆ ಇತ್ತು. ಮುಂದಿನ ಭಾಗ, ಬಾಗಿಲಿನ ತನಕ ರಿಕ್ಷಾ. ಅದರಲ್ಲಿ ದರ್ಜಿ ಇದ್ದ. ನಡುವಿನ ಭಾಗದಲ್ಲಿ ಬೇರೆ ಸಂಸಾರ, ನನ್ನದು ಒಂದೇ ಕೋಣೆ.

ಹೋಗಿ ಹೇಳಿದೆ. ಎದ್ದು ನಿಂತು ಕೇಳಿದ. "ಆಯ್ತ್ ಅಮ್ಮ. ನಿಮ್ ಕಷ್ಟ ನಂಗೆ ಗೊತ್ತಾತ್ತಿಲ್ಯಾ? ಖಾಲಿ ಮಾಡ್ತೆ. ಅಬ್ಬಿ ಒಂದ್ ಒಪ್ಕಂಡ್ರೆ ಆಯ್ತ್."

ಅವನ ಅಬ್ಬಿ, ಆ ಮುದಿ ತಾಯಿ, ಒಪ್ಪಲಿಲ್ಲ. ದೀಪ ಇಟ್ಟ ಕಟ್ಟೆಯನ್ನು ಬಿಟ್ಟು ಹೋಗುವ ಹಾಗಿಲ್ಲ, ಕಿತ್ತು ಒಯ್ಯುವ ಹಾಗೂ ಇಲ್ಲ, ಎರಡೂ ಮನೆಗೆ ಒಳ್ಳೆಯದಲ್ಲ ಎಂದು ಕೂತಳು. ನಾನು ಪುರೋಹಿತರನ್ನು ಕೇಳಿದೆ. ಕಾರ್ತಿಕ ಮುಗಿಯಲಿ, ಆಮೇಲೆ ನೋಡೋಣ ಎಂದರು. ಕಾರ್ತಿಕಕ್ಕೆ ಇನ್ನೂ ಎಂಟು ತಿಂಗಳು! ಕರಾರು ಕಾಗದ ತೆಗೆದು ಒಬ್ಬರಿಂದ ಓದಿಸಿದೆ. ಅದರಲ್ಲಿ ಎಲ್ಲ ಇತ್ತು, ತುಳಸಿ ಇರಲಿಲ್ಲ. ದರ್ಜಿ ಪಾಪ ಬೇರೆ ಮನೆ ಹುಡುಕಿದ. ಸುದ್ದಿ ಆಗಲೇ ಎಲ್ಲ ಮನೆ ಒಡೆಯರಿಗೂ ತಲುಪಿತ್ತು. "ಕಟ್ಟಿ ಕಟ್ಟುವವ್ರಾ? ಬ್ಯಾಡ," ಎಂದು ಮೂರು ಕಡೆ ಬಾಗಿಲು ಹಾಕಿದರು. ನಾನು ಅವರ ಜಾಗದಲ್ಲಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಆ ದಿನಗಳಲ್ಲಿ ಒಣಮೀನಿನಕ್ಕ ಒಮ್ಮೆ ಬಂದಳು. ನನ್ನ ಗೋಳು ಕೇಳುತ್ತ ಕಟ್ಟೆಯ ಹತ್ತಿರ ನಿಂತು, ತುಳಸಿಯ ಒಣಗಿದ ಕದಿರು ಮುರಿದು ಆ ಉಗುರಿನಲ್ಲಿ ತಿಕ್ಕುತ್ತಿದ್ದಳು. ಮೂಸುತ್ತಾಳೆ ಎಂದುಕೊಂಡೆ. ಒಂದು ಉಪಾಯ ಹೇಳಲಿಲ್ಲ. ಬುಟ್ಟಿ ಎತ್ತಿಕೊಂಡು ಹೋದಳು. ಬೇಡದಾಗ ಬಾಯಿ ತುಂಬ ಹೇಳುವವಳು ಬೇಕಾದಾಗ ಬಾಯಿ ಹೊಲಿದುಕೊಂಡಳಲ್ಲ ಎಂದು ಹೊಟ್ಟೆ ಉರಿಯಿತು.

ಏಪ್ರಿಲ್ ಮುಗಿಯುತ್ತ ಬಂತು. ನಾನು ಒಂದು ಬೆಳಿಗ್ಗೆ ಎದ್ದು ಬಾವಿಯ ಹಗ್ಗ ಬಿಚ್ಚಿ, ಸುತ್ತಿ, ನನ್ನ ಕೋಣೆಯೊಳಗೆ ಇಟ್ಟು ಚಿಲಕ ಹಾಕಿದೆ.

ಇದನ್ನು ಹೇಳದೆ ಬಿಡಬಹುದಿತ್ತು. ಆದರೆ ಮನೆ ಬಾಡಿಗೆಗೆ ಕೊಟ್ಟವರು ಇಂಥದ್ದೇ ಒಂದನ್ನು ಮಾಡಿ, ಆಮೇಲೆ ಮಾಡಿಲ್ಲ ಎನ್ನುತ್ತಾರೆ. ಒಬ್ಬರು ಫ್ಯೂಸು ಕೀಳುತ್ತಾರೆ, ಇನ್ನೊಬ್ಬರು ಹಂಚು ಸರಿಸುತ್ತಾರೆ. ನಾನು ಹಗ್ಗ ತೆಗೆದೆ. ನನಗೂ ನಡುವಿನ ಭಾಗದವರಿಗೂ ಬೇಕಾದಾಗ ಹಗ್ಗ ತಂದು ನೀರೆಳೆದು ಮತ್ತೆ ಒಳಗೆ ಇಡುತ್ತಿದ್ದೆ. ಮೊದಲನೆಯ ದಿನ ದರ್ಜಿಯ ಹೆಂಡತಿ ಖಾಲಿ ರಾಟೆ ನೋಡಿ ನನ್ನ ಬಾಗಿಲು ನೋಡಿದಳು. ಕೇಳಲಿಲ್ಲ. ಎರಡು ಕೊಡ ಹಿಡಿದು ಪಕ್ಕದ ಹಿತ್ತಿಲಿನ ಬಾವಿಗೆ ಹೋದಳು. ಎರಡನೆಯ ದಿನವೂ ಕೇಳಲಿಲ್ಲ. ಅವರು ಬಂದು ಜಗಳ ಮಾಡಲಿ ಎಂದು ಕಾಯುತ್ತ ನಾನು ಬಾಗಿಲಲ್ಲೇ ಕೂತಿರುತ್ತಿದ್ದೆ. ಮುದುಕಿ ಮಾತ್ರ ಆ ಪಕ್ಕದ ಬಾವಿಯ ನೀರನ್ನೇ ಒಂದು ಚೊಂಬು ತುಳಸಿಗೆ ಹಾಕಿ ಕೈಮುಗಿಯುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಒಣಮೀನಿನಕ್ಕ ಮೆಟ್ಟಿಲು ಇಳಿದು ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಹೆಗಲಿಗೆ ಹೊಸ ತೆಂಗಿನ ನಾರಿನ ಹಗ್ಗದ ಸುರುಳಿ.

"ಯಾರ್ ತೆಗ್ದದ್?"

"ನಾನೇ."

ರಾಟೆಗೆ ಹಗ್ಗ ಹಾಕಿ, ತುದಿಗೆ ಕೊಡಪಾನ ಕಟ್ಟಿ, ಗಂಟನ್ನು ಹಲ್ಲಿನಲ್ಲಿ ಎಳೆದು ಬಿಗಿ ಮಾಡಿದಳು. ಬಲೆ ಕಟ್ಟುವವರ ಗಂಟು ಅದು, ಒದ್ದೆಯಾದಷ್ಟೂ ಬಿಗಿಯಾಗುತ್ತದೆ. ಮೊದಲನೆಯ ಕೊಡ ತಾನೇ ಎಳೆದಳು.

"ಅಜ್ಜಿ, ಕೊಡ ತಕಂಡ್ ಬನ್ನಿ," ಎಂದು ಮೇಲಕ್ಕೆ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮನಿ ನಿಂದ್. ನೀರ್ ನಿಂದಾ?"

"ನನ್ ಅಳಿಯ ಅಲ್ಲಿ ಮಲ್ಕಂಡಿದ್ದ ಅಕ್ಕ. ಮಳಿ ಬಂದ್ರೆ ಮುಗೀತ್. ನಾನ್ ಎಂತ ಮಾಡ್ಕ್? ನೀನಾರೂ ಹೇಳಿದ್ಯಾ?"

"ನೀರ್ ನಿಲ್ಸಿ ಏಳ್ಸ್ದವ್ಳ್ ಅಂದ್ರೆ ನಾಳಿಗೆ ನಿನ್ ಮನಿಗ್ ಯಾರ್ ಬತ್ರ್? ಏಳ್ಸೂಕ್ ಮೊದ್ಲ್ ಕೂರ್ಸೂಕ್ ಜಾಗ ಹುಡ್ಕ್."

"ಹುಡ್ಕ್ದೆ. ಯಾರೂ ಕೊಡ್ತಿಲ್ರ್."

"ಕೊಡುವವ್ರ್ ಸಿಕ್ಕುವರಿಗೆ ಹುಡ್ಕ್," ಎಂದು ಹೋದಳು. ನಾನು ಒಳಗೆ ಹೋಗಿ ನನ್ನ ಹಗ್ಗವನ್ನು ನೋಡಿದೆ. ಅದನ್ನು ಸುಟ್ಟುಬಿಡುವಷ್ಟು ಸಿಟ್ಟಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ.

ಮತ್ತೆ ಹದಿನೈದು ದಿನ ಅವಳ ಸುಳಿವಿಲ್ಲ. ಶನಿವಾರದ ಸಂತೆಯಲ್ಲಿ ಎರಡೆರಡು ಚೀಲ ಒಣಮೀನು ಒಂದೇ ಸಲ ಮಾರುತ್ತಿದ್ದಾಳಂತೆ ಎಂದು ಯಾರೋ ಹೇಳಿದರು. ನನ್ನ ಮನೆ ಹೊತ್ತಿ ಉರಿಯುವಾಗ ಇವಳಿಗೆ ವ್ಯಾಪಾರ ಎಂದುಕೊಂಡೆ.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ಬಂದು ದರ್ಜಿಯ ಅಂಗಳದಲ್ಲಿ ನಿಂತಳು. "ಹ್ವಾಯ್ ಅಜ್ಜಿ, ಒಂದ್ ಗಳ್ಗಿ ನನ್ ಸಂಗ್ತಿಗ್ ಬನ್ನಿ. ಹೆಣೆ, ನೀನೂ ಬಾ."

ಅವಳ ಲೈನ್ ಮನೆಯ ಕಡೆಯ ಕೋಣೆ ಬಾಡಿಗೆಯದಲ್ಲ. ಅದು ಮೀನಿನ ಉಗ್ರಾಣ. ಮಳೆಗಾಲದಲ್ಲಿ ದೋಣಿ ನೀರಿಗಿಳಿಯುವುದಿಲ್ಲ, ಹಸಿಮೀನು ಇಲ್ಲ, ಊರಿಗೆಲ್ಲ ಒಣಮೀನೇ ಗತಿ. ಬೇಸಗೆಯಿಡೀ ಒಣಗಿಸಿ ಆ ಕೋಣೆ ತುಂಬಿಸಿಟ್ಟು, ಆ ನಾಲ್ಕು ತಿಂಗಳಲ್ಲಿ ಮಾರುವುದೇ ಅವಳ ವರ್ಷದ ದುಡಿಮೆ. ಆ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ನೆಲ ತಿಕ್ಕಿ ತೊಳೆದಿತ್ತು. ಗೋಡೆಗೆ ಸುಣ್ಣ, ಒಂದು ಸಲದ್ದಲ್ಲ, ಮೂರು ಸಲದ್ದು. ಎದುರಿಗೆ ಹೊಸ ಕಟ್ಟೆ. ನನ್ನ ಅಂಗಳದ್ದಕ್ಕಿಂತ ಗಿಡ್ಡ, ಸ್ವಲ್ಪ ಸೊಟ್ಟ. ಅದರಲ್ಲಿ ಗೇಣುದ್ದದ ತುಳಸಿ ಸಸಿ.

"ನಿಮ್ದೇ ಅಜ್ಜಿ. ನಿಮ್ ತುಳಸಿ ಬೀಜವೇ," ಎಂದಳು. "ಎರಡ್ ತಿಂಗ್ಳಾಯ್ತ್ ನೀರ್ ಹಾಕೂಕ್ ಹಿಡ್ದ್."

ಆ ಕದಿರು ತಿಕ್ಕಿದ ಕೈ ಆಗ ನನಗೆ ನೆನಪಾಯಿತು.

ಮುದುಕಿ ಸಸಿಯ ಎಲೆ ಮುಟ್ಟಿದಳು. ಕೋಣೆಯೊಳಗೆ ಇಣುಕಿದಳು. ಮೂಗು ಸ್ವಲ್ಪ ಏರಿಸಿದಳು. "ಮೀನಿನ ಕಂಪ್ ಇತ್ತಲೆ ಹೆಣೆ."

"ಇತ್ತ್. ಅದ್ಕೇ ದೇವ್ರನ್ನ ಮೊದ್ಲ್ ಕೂರ್ಸಿದ್. ಅವ್ರಿಗ್ ಎರಡ್ ತಿಂಗ್ಳಲ್ಲಿ ಅಭ್ಯಾಸ ಆಯ್ತ್. ನಿಮ್ಗ್ ಎಷ್ಟ್ ದಿನ ಬೇಕ್?"

ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆರು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ. "ಆ ಕಟ್ಟಿಗ್ ದೀಪ?" ಎಂದು ನನ್ನನ್ನು ನೋಡಿದಳು.

"ಇಡ್ತೆ," ಎಂದೆ. "ದಿನಾ ಇಡ್ತೆ."

ಮೇ ಕಡೆಯ ವಾರ ದರ್ಜಿ ಮನೆ ಬಿಟ್ಟ. ಬಿಟ್ಟು ಹೋಗುವಾಗ ಗೋಡೆಗೆ ಸುಣ್ಣ ಹೊಡೆದು ಹೋದ, ಅದನ್ನೂ ಹೇಳದೆ. ಜೂನ್ ಮೊದಲ ಮಳೆ ಬೀಳುವ ಹಿಂದಿನ ದಿನ ರಿಕ್ಷಾ ನನ್ನ ಅಂಗಳಕ್ಕೆ ಬಂತು. ಅಳಿಯನನ್ನು ಇಳಿಸಲು ಎರಡು ಜನ ಸಾಕಾಯಿತು. ಆ ಮಳೆಗಾಲ ವ್ಯಾಯಾಮ ಒಂದು ದಿನವೂ ತಪ್ಪಲಿಲ್ಲ. ನವರಾತ್ರಿಯ ಹೊತ್ತಿಗೆ ತುಳಸಿಕಟ್ಟೆಯ ಅಂಚು ಹಿಡಿದು ನಿಂತ. ಆಮೇಲೆ ಅದನ್ನೇ ಹಿಡಿದು ಒಂದೊಂದೇ ಹೆಜ್ಜೆ ಸುತ್ತಲೂ ಇಟ್ಟ. ದಾರಿಯಲ್ಲಿ ಹೋಗುವವರು ಪ್ರದಕ್ಷಿಣೆ ಎಂದು ಕೈಮುಗಿಯುತ್ತಿದ್ದರು. ಅವನು ಬೆವರು ಒರೆಸಿಕೊಳ್ಳುತ್ತಿದ್ದ. ಎರಡು ವರ್ಷದ ಮೇಲೆ ಕೋಲು ಹಿಡಿದು ಗದ್ದೆಯಂಚಿನಲ್ಲಿ ನಡೆದೇ ತನ್ನ ಮನೆಗೆ ಹೋದ.

ಒಣಮೀನಿನಕ್ಕ ಏನು ಕಳೆದುಕೊಂಡಳು ಎಂದು ನನಗೆ ತಿಳಿದದ್ದು ದರ್ಜಿ ಮನೆ ಬಿಟ್ಟ ವರ್ಷದ ಆಷಾಢದಲ್ಲಿ. ಒಣ ಸಿಗಡಿ ಬೇಕೆಂದು ಹೋದರೆ ಅವಳ ಹತ್ತಿರ ಒಂದು ಹಿಡಿ ಇರಲಿಲ್ಲ. ಎಲ್ಲವನ್ನೂ ಮಳೆಗೆ ಮೊದಲೇ, ಯಾರಿಗೂ ಬೇಡದ ಹೊತ್ತಿನಲ್ಲಿ, ಸಿಕ್ಕಿದ ಬೆಲೆಗೆ ಮಾರಿಬಿಟ್ಟಿದ್ದಳು. ಆ ಮಳೆಗಾಲವಿಡೀ ಬ್ರಹ್ಮಾವರದ ಕಡೆಯಿಂದ ಬೇರೆಯವರ ಮೀನು ತಂದು ಹೊತ್ತು ಮಾರಿದಳು, ಎಪ್ಪತ್ತಕ್ಕೆ ಹತ್ತಿರವಾದ ವಯಸ್ಸಿನಲ್ಲಿ.

"ಎಂತಕ್ ಮಾಡ್ದೆ ಅಕ್ಕ?" ಎಂದು ಕೇಳಿದೆ.

"ಎಂತದ್?"

"ಆ ಕೋಣಿ."

"ಆ ಕೋಣಿಯಾ? ಮೀನ್ ಇಟ್ಟ್ ಇಟ್ಟ್ ಗೋಡಿ ಉಪ್ಪ್ ಹಿಡೀತಿತ್ತ್. ಒಂದಲ್ಲ ಒಂದ್ ದಿನ ಖಾಲಿ ಮಾಡೂದೇ. ದಾರಿ ಬಿಡ್, ಮಳಿ ಬತ್ತಿತ್ತ್."

ಇಷ್ಟೇ. ಅಳುವುದಕ್ಕೂ ಬಿಡಲಿಲ್ಲ, ಋಣ ಹೊತ್ತುಕೊಳ್ಳುವುದಕ್ಕೂ ಬಿಡಲಿಲ್ಲ. ಈಗಲೂ ಆ ಮಾತು ನೆನೆದರೆ ನನಗೆ ರೇಗುತ್ತದೆ. ಒಂದು ಸಲ "ನಿನಗಾಗಿ" ಎಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಅವಳು ಹೋದದ್ದು ಅದಾಗಿ ಏಳು ವರ್ಷಕ್ಕೆ. ಶನಿವಾರ ಬೆಳಿಗ್ಗೆ ಸಂತೆಗೆ ಹೊರಡುವವಳು ಏಳಲಿಲ್ಲ. ದರ್ಜಿಯ ಹೆಂಡತಿ ಗಂಜಿ ತೆಗೆದುಕೊಂಡು ಹೋಗಿ ನೋಡಿದಳಂತೆ. ತಲೆಯ ಹತ್ತಿರ ದೀಪ ಇಟ್ಟವಳೂ ಅವಳೇ. ನಾನು ಹೋದಾಗ ಆ ಕೈಯನ್ನು ಸೆರಗಿನೊಳಗೆ ಮಡಚಿ ಇಟ್ಟಿದ್ದರು. ನಾನು ತೆಗೆದು ಹೊರಗೆ ಇಟ್ಟೆ. ಆ ಉಗುರು ಯಾಕೆ ಮುಚ್ಚಬೇಕು?

ಲೈನ್ ಮನೆ ಅವಳ ತಮ್ಮನ ಮಗನಿಗೆ ಬಂತು. ಬ್ರಹ್ಮಾವರದಲ್ಲಿ ಅಂಗಡಿ ಇಟ್ಟವನು. ಕಡಲು ನೋಡಲು ಬರುವವರಿಗೆ ರೂಮು ಕಟ್ಟುತ್ತೇನೆ ಎಂದು ಎಲ್ಲರನ್ನೂ ಏಳಿಸಿದ. ನಾಲ್ಕು ಮನೆಯವರು ಹೋದರು. ದರ್ಜಿಯ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದಳು, ಅವನ ಕಣ್ಣು ಮಂಜಾಗಿ ಅಂಗಡಿ ಮುಚ್ಚಿ ಮನೆಯಲ್ಲೇ ಹೊಲಿಯುತ್ತಿದ್ದ. ಅಂಥವನಿಗೆ ಮನೆ ಯಾರು ಕೊಡುತ್ತಾರೆ? ಒಂದು ದಿನ ಅವನ ಹೆಂಡತಿ ಖಾಲಿ ಕೊಡ ಹಿಡಿದು ನನ್ನ ಬಾವಿಗೆ ಬಂದಳು. ಬ್ರಹ್ಮಾವರದ ಹುಡುಗ ಬಾವಿಯ ಪಂಪು ಕಿತ್ತುಕೊಂಡು ಹೋಗಿದ್ದಾನೆ ಎಂದು ಬೇರೆಯವರಿಂದ ಗೊತ್ತಾಯಿತು.

ನಾನು ತ್ರಾಸಿ ಪೇಟೆಗೆ ಹೋಗಿ ನೈಲಾನ್ ಹಗ್ಗ ತಂದೆ. ನಾರಿನದ್ದು ಈಗ ಎಲ್ಲಿ ಸಿಗುತ್ತದೆ. ಹೆಗಲಿಗೆ ಹಾಕಿಕೊಂಡು ನಾಲ್ಕು ಹಿತ್ತಿಲು ದಾಟಿ ಒಣಮೀನಿನಕ್ಕನ ಬಾವಿಗೆ ಹೋದೆ. ಹುಡುಗ ಅಲ್ಲೇ ಅಳತೆ ಹಿಡಿಸುತ್ತಿದ್ದ.

"ಅತ್ತಿ, ನಿಮ್ಗ್ ಎಂತಕ್ಕೆ ಉಸಾಬರಿ?" ಎಂದ.

"ಮನಿ ನಿಂದ್. ನೀರ್ ನಿಂದಾ?" ಎಂದೆ. "ಏಳ್ಸೂಕ್ ಮೊದ್ಲ್ ಕೂರ್ಸೂಕ್ ಜಾಗ ಹುಡ್ಕ್. ನಿನ್ ಅತ್ತಿ ಹಾಂಗೆ ಮಾಡ್ದವ್ಳ್."

"ಅಷ್ಟ್ ಕನಿಕರ ಇದ್ರೆ ನೀವೇ ಕೊಡಿ," ಎಂದು ನಕ್ಕ.

ನನ್ನ ಹತ್ತಿರ ಗಂಟು ಸರಿ ಬೀಳಲಿಲ್ಲ. ಅವಳ ಹಾಗೆ ಹಲ್ಲಿನಲ್ಲಿ ಎಳೆಯೋಣವೆಂದರೆ ಹಲ್ಲಿಲ್ಲ. ಕಡೆಗೆ ದರ್ಜಿಯೇ ತಡಕಾಡಿ ಕಟ್ಟಿದ. ಹದಿನೈದು ದಿನಕ್ಕೆ ಅವನ ಹೊಲಿಗೆ ಯಂತ್ರ ಖಾಲಿ ಬಿದ್ದಿದ್ದ ನನ್ನ ನಡುವಿನ ಭಾಗದಲ್ಲಿತ್ತು. ಮನೆ ಒಡತಿಯಾಗಿ ಇದಕ್ಕಿಂತ ದಡ್ಡ ಕೆಲಸ ಇನ್ನೊಂದಿಲ್ಲ ಎಂದು ನನಗೆ ಗೊತ್ತು. ಒಮ್ಮೆ ಏಳಿಸಲು ಇಷ್ಟು ಪಾಡು ಪಟ್ಟವನನ್ನು ನಾನೇ ಕರೆದು ಕೂರಿಸಿಕೊಂಡೆ. ಅವನ ಹೆಂಡತಿ ಸಂಜೆ ಎಂಟು ಮೆಟ್ಟಿಲು ಹತ್ತಿ ಹೋಗಿ ಆ ಹಳೆಯ ಕಟ್ಟೆಗೆ ದೀಪ ಇಡುತ್ತಾಳೆ. ನನ್ನ ಮಂಡಿಗೆ ಅಷ್ಟು ಉಳಿಯಿತು.

ಬಂದ ಮೊದಲನೆಯ ಮಳೆಗಾಲದಲ್ಲಿ ದರ್ಜಿ ನನ್ನ ಬಾಗಿಲಿಗೆ ಬಂದು ನಿಂತ. ಇಷ್ಟು ವರ್ಷದಲ್ಲಿ ದೂರು ತಂದದ್ದು ಅದೇ ಮೊದಲು.

"ಅಮ್ಮ, ಗೋಡಿ ಉಪ್ಪ್ ಕಾರ್ತಿತ್ತ್. ಹೊಲೂಕ್ ಕೊಟ್ ಬಟ್ಟಿ ಎಲ್ಲ ಹಾಳಾಯ್ತ್. ಎಂತಾದ್ರೂ ಮಾಡ್ಸಿ," ಎಂದ. ಸ್ವರ ಜೋರಾಗಿಯೇ ಇತ್ತು.

"ಗೋಡಿಗ್ ತಾಗ್ಸಿ ಇಡೂಕಾಗ ಅಂದೇಳಿ ಬಪ್ಪತಿಗೇ ಹೇಳ್ಲಿಲ್ಯಾ ನಾನ್?" ಎಂದು ಬೈದೆ.

ಬೈದು ಅವನ ಹಿಂದೆಯೇ ಹೋದೆ. ಗೋಡೆಯ ಬುಡದಲ್ಲಿ ಕೂರಲು ಈಗ ನನ್ನಿಂದ ಆಗುವುದಿಲ್ಲ, ಕುರ್ಚಿ ತರಿಸಿ ಕೂತು ಬಗ್ಗಿದೆ. ಉಗುರಿನಿಂದ ಕೆರೆದು, ಪುಡಿ ನಾಲಿಗೆಗೆ ಇಟ್ಟು ನೋಡಿದೆ.

ಉಪ್ಪು ಹಾಗೆಯೇ ಇತ್ತು.